ದೇವಿರಮ್ಮ ಹೇಳದ ಹೆಸರು

ಪೂರಿಗಾಲಿಯ ಮರಿಯಯ್ಯ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹತ್ತಿರದ ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಮೂವತ್ತು ವರ್ಷ ಮಷೀನು ಒರೆಸುತ್ತಾ, ಅದರ ಮೈಮೇಲಿನ ಅಕ್ಷರ ನೋಡಿ ನೋಡಿ ಇಂಗ್ಲಿಷನ್ನೂ ಕೂಡಿಸಿ ಓದಲು ಕಲಿತವನು. ಎಪ್ಪತ್ತೆರಡರ ವಯಸ್ಸಿನಲ್ಲಿ ಅವನು ಹತ್ತು ದಿನದಿಂದ ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಹೋಗಿ ತಾಲ್ಲೂಕು ಕಚೇರಿಯ ಹಳೇ ದಾಖಲೆಗಳ ಮುಂದೆ ಕೂರುತ್ತಿದ್ದ.

ಕಾರಣ ಒಂದು ಬಾವಿ. ಮೇಲಿನ ಬೀದಿಯ ಬಾವಿಗೆ ಇವರ ಕೇರಿಯವರನ್ನು ಬಿಡದಿದ್ದ ಕಾಲದಲ್ಲಿ ಮರಿಯಯ್ಯನ ಮುತ್ತಾತ ಬಂಡೆ ಒಡೆದು ಕೇರಿಗೇ ಬಾವಿ ತೋಡಿದ್ದನಂತೆ. ಈಗ ಪಂಚಾಯಿತಿಯವರು ಅದರ ಹೂಳೆತ್ತಿಸಿ, ಸೋಮವಾರ ಕಲ್ಲು ನಿಲ್ಲಿಸುವವರಿದ್ದರು. ಕಲ್ಲಿನ ಮೇಲೆ ಮುತ್ತಾತನ ಹೆಸರಿರಬೇಕೆಂದು ಮರಿಯಯ್ಯ ಪಟ್ಟು ಹಿಡಿದ. ಆ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪಂಚಾಯಿತಿ ಮೆಂಬರು ಚೌಡಯ್ಯ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೇಲಿನ ಬೀದಿಯ ಅವನ ಮನೆಗೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಹೋಗುತ್ತಿದ್ದರು.

"ನಮ್ಮೆಳವ ಏಳ್ ತಲೆ ಎಸ್ರ ಗಳಗಳಾಂತ ಯೋಳ್ತಾನೆ. ನಿಂಗೆ ಯಾರ್ಲಾ ಯೋಳೋರು? ದಾಖ್ಲೆ ತತ್ತಾ, ಕೆತ್ತಿಸ್ತೀನಿ. ಇಲ್ದಿದ್ರೆ ಪಂಚಾಯ್ತಿ ಎಸ್ರೇಯ."

"ನಮ್ ಕೇರಿಗೆ ಎಳವ ಬರ್ದಿದ್ರೆ ನಾನೇ ಎಳವ ಆಯ್ತೀನಿ ಕಣ್ಲಾ. ಎತ್ತಿಲ್ದಿದ್ರೇನು, ಬಸ್ಸದೆ."

ಶನಿವಾರ ಕಚೇರಿಯ ಹುಡುಗಿ ದೀಪಿಕ ಒಂದು ಕಂತೆ ಇಳಿಸಿದಳು. ಜನಗಣತಿಯನ್ನು ಖಾನೇಷುಮಾರಿ ಎನ್ನುತ್ತಿದ್ದ ಕಾಲದ್ದು, ನೂರಿಪ್ಪತ್ತು ವರ್ಷ ಹಳೆಯದು. "ತಾತ, ಇದೇ ಕೊನೇದು."

ಮರಿಯಯ್ಯ ಟವೆಲ್ಲಿನಿಂದ ಧೂಳು ಒರೆಸಿ, ತಮ್ಮ ಕೇರಿಯ ಪುಟ ಹುಡುಕಿ, ಸಾಲಿನ ಮೇಲೆ ಬೆರಳಿಟ್ಟ. 'ಮಗ ಮರಿಯ, ಎರಡು ವರ್ಷ.' ತನ್ನ ತಾತ! ಅವನ ಹೆಸರನ್ನೇ ತನಗಿಟ್ಟಿದ್ದು. 'ತಾಯಿ ದೇವಿರಿ.' ತಂದೆಯ ಹೆಸರಿನ ಜಾಗ ಖಾಲಿ. ಅಂಚಿನಲ್ಲಿ ಬರೆದವನು ಗೊಣಗಿಕೊಂಡಂತೆ ಎರಡು ಸಾಲು: 'ಗಂಡ ಬಾವಿ ತೋಡುತ್ತ ಒಳಗಿದ್ದಾನೆ, ಇವಳು ಮಣ್ಣು ಹೊರುತ್ತಾಳೆ. ಗಂಡನ ಹೆಸರು ಮೂರು ಸಲ ಕೇಳಿದರೂ ಹೇಳಲಿಲ್ಲ.'

ಸಂಜೆ ಆ ಪುಟದ ಜೆರಾಕ್ಸನ್ನು ಚೌಡಯ್ಯ ಮರಿಯಯ್ಯನ ಜಗಲಿಯಲ್ಲೇ ಕೂತು ಓದಿದ. "ಎಸ್ರೇ ಇಲ್ವಲ್ಲೋ! ಏನ್ಲಾ ಕೆತ್ಸದು?"

ಒಳಗಿನಿಂದ ಮರಿಯಯ್ಯನ ಹೆಂಡತಿ ಮರಿತಾಯಮ್ಮ ಕಾಫಿ ಹಿಡಿದು ಬಂದಳು. "ಆ ಅವ್ವ ಬಾಯ್ಬುಡ್ದಿದ್ ಎಸ್ರು ನಿಮ್ಗ್ಯಾಕೆ? ಮಣ್ಣೊತ್ತೋಳು ಅವ್ಳು. ಅವ್ಳ್ ಎಸ್ರನ್ನೇ ಕೆತ್ಸಿ."

"ಸರಿ ಕಣವ್ವ, ನಿನ್ ಗಂಡನ್ ಎಸ್ರು ಒಂದ್ಸಲ ಯೋಳ್ಬುಡು, ನಾಳೇನೇ ಕೆತ್ತಿಸ್ತೀನಿ," ಎಂದು ಚೌಡಯ್ಯ ಕೆಣಕಿದ.

"ಅಯ್, ಓಗಣ್ಣ! ಸಿವರಾಮು ಅವ್ರಪ್ಪ ಅಂತಲೇ ಐವತ್ತೊರ್ಸ ಬಾಳಾಟ ಮಾಡಿಲ್ವಾ!" ಎಂದು ಅವಳು ಸೆರಗು ಬಾಯಿಗಿಟ್ಟು ನಕ್ಕಳು.

ಚೌಡಯ್ಯ ನಗಲಿಲ್ಲ. ಕಾಗದವನ್ನು ಇನ್ನೊಮ್ಮೆ ಓದಿದ. "ನಮ್ಮೆಳವ ಏಳ್ ತಲೇಲಿ ಒಬ್ ಎಂಗ್ಸಿನ್ ಎಸ್ರೂ ಯೋಳಿಲ್ಲ ಕಣ್ಲಾ," ಎಂದ.

ಸೋಮವಾರ ಕಲ್ಲು ನಿಂತಿತು. 'ಈ ಬಾವಿ ತೋಡಿದವರು ದೇವಿರಮ್ಮ ಮತ್ತು ಅವರ ಗಂಡ.' ಆ ಹೆಸರಿಗೆ 'ಅಮ್ಮ' ಸೇರಿಸಿದ್ದು ಮರಿಯಯ್ಯನೇ. ಅವನು ಕಟ್ಟೆ ಹತ್ತಿ, ಹೆಳವರಂತೆ ಕಿವಿಗೆ ಕೈಯಾನಿಸಿ, ಮೇಲಿನ ಬೀದಿಗೂ ಕೇಳುವಂತೆ ದನಿ ತೆಗೆದ: "ದೇವಿರಮ್ಮನ ಮಗ ಮರಿಯಯ್ಯ, ಅವನ ಮಗ ಮಹದೇವು, ಮಹದೇವುವಿನ ಮಗ ನಾನು, ನನ್ನ ಮಗ ಸಿವರಾಮು, ಅವನ ಮಗಳು ಸೋಬಿತಾ…"