ನಾಲ್ಕು ಬೆರಳು ಎತ್ತರದ ಲೇತು

ನಮ್ಮ ಬೀದಿಯ ಲೇತಪ್ಪ ಮಹಾ ಮೊಂಡ. ಯಂತ್ರದ ಅಳತೆಗೆ ಕೆಲಸ ಹುಡುಕುವವನಲ್ಲ. ಬಂದ ಕೆಲಸದ ಅಳತೆಗೆ ಯಂತ್ರವನ್ನೇ ಕೊಯ್ದು, ಬೆಸೆದು ಹಿಗ್ಗಿಸುವವನು. ಕೊರೆಯುವ ಯಂತ್ರದ ಕಂಬ ಉದ್ದ ಮಾಡಿದ, ಗರಗಸದ ಮೇಜಿಗೆ ರೆಕ್ಕೆ ಹಚ್ಚಿದ. ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತನ್ನು ಮಾತ್ರ ಮುಟ್ಟಿರಲಿಲ್ಲ. ಅದು ಮಾವನದು, ಮಾವ ಸತ್ತ ಮೇಲೆ ಹೆಂಡತಿಯದು. ಅವಳು ತನಗಿಂತ ನಯವಾಗಿ ಉಳಿ ಓಡಿಸುತ್ತಾಳೆಂದು ಅವನೇ ಒಪ್ಪುತ್ತಾನೆ, ಅವಳು ಎದುರಿಗಿಲ್ಲದಾಗ.

ಬೀದಿಯ ನೀರಿನ ಪಂಪಿನ ಗಾಲಿ ಒಡೆಯಿತು. ಹನ್ನೊಂದು ದಿನ ಖಾಲಿ ಕೊಡ ಇಟ್ಟುಕೊಂಡು ನೀರಿನ ಕಚೇರಿಯ ಬಾಗಿಲಲ್ಲಿ ಧರಣಿ ಕೂತೆವು. ಸಾಹೇಬರು ಕೊನೆಗೆ ಕೊಟ್ಟದ್ದು ಎರಕದ ಒರಟು ಗಾಲಿ. ಕಡೆಸಿಕೊಳ್ಳುವುದು ನಿಮ್ಮ ಪಾಡು ಅಂದರು. ಲೇತಿಗೆ ಅದು ದೊಡ್ಡದು. ತಳಕ್ಕೆ ತಾಗದೆ ತಿರುಗಬೇಕಾದರೆ ಅದನ್ನು ಹಿಡಿದು ತಿರುಗಿಸುವ ಲೇತಿನ ತಲೆ ನಾಲ್ಕು ಬೆರಳು ಮೇಲೇಳಬೇಕು.

ಲೇತಪ್ಪ ಸ್ಪ್ಯಾನರ್ ಹಿಡಿದ. ಹೆಂಡತಿ ಅಡ್ಡ ನಿಂತಳು. ಆ ತಲೆಯನ್ನು ಅವಳಪ್ಪ ಹದಿನೈದು ದಿನ ತಿಣುಕಿ ನೇರಕ್ಕೆ ಕೂರಿಸಿದ್ದ. ಒಂದೆಳೆ ವಾರೆಯಾದರೂ ಮುಂದೆ ಕಡೆದದ್ದೆಲ್ಲ ಸೊಟ್ಟ.

"ಕೆಟ್ರೆ?"

"ನಾನೇ ಸರಿ ಮಾಡ್ತೀನಿ."

"ಕೆಡಿಸೋರೂ ನೀವೇ, ಸರಿ ಮಾಡೋರೂ ನೀವೇ."

ನೀರಿಲ್ಲದ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಬೈದುಕೊಂಡೇ ಸರಿದಳು.

ಮೂರು ದಿನ ಅವನು ಕಬ್ಬಿಣದ ದಿಮ್ಮಿಗಳನ್ನು ಅರದಲ್ಲಿ ಉಜ್ಜಿ, ತಲೆಯ ಕೆಳಗೊಂದು, ಇನ್ನೊಂದು ತುದಿಗೆ ಆನಿಕೆ ಕೊಡುವ ಎದುರಿನ ಬಾಲದ ಕೆಳಗೊಂದು ಇಟ್ಟ. ಗಾಲಿ ಏರಿಸಿ, ಮೀಸೆ ತಿರುವಿ ಉಳಿ ತಂದ. ಉಳಿಯ ತುದಿ ಗಾಲಿಯ ನಡುಮಟ್ಟ ಮುಟ್ಟದೆ ನಾಲ್ಕು ಬೆರಳು ಕೆಳಗೇ ನಿಂತಿತು.

"ತಲೆ ಎತ್ತಿದ್ರಿ, ಬಾಲ ಎತ್ತಿದ್ರಿ," ಅಂದಳು. "ಉಳಿ ಎತ್ತೋಕೆ ನಮ್ಮಪ್ಪ ಎದ್ದು ಬರ್ಬೇಕಾ?"

ಬೀದಿ ನಕ್ಕಿತು, ಅವನೂ ನಕ್ಕ. ಮೂರನೆಯ ದಿಮ್ಮಿ ಅವಳೇ ಉಜ್ಜಿ ಉಳಿಯ ಕೆಳಗಿಟ್ಟಳು. ಗಾಲಿ ಇಳಿಸಿ, ಪರೀಕ್ಷೆಗೆ ಒಂದು ಸರಳು ಕಡೆದಳು. ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆ ದಪ್ಪ. ಅವಳ ಮುಖ ಕಪ್ಪಿಟ್ಟಿತು. ಆಮೇಲೆ ನಮ್ಮ ಧರಣಿಯ ಕರಪತ್ರವೊಂದನ್ನು ಹರಿದು ಬಾಲದ ಪಕ್ಕದ ಸಂದಿಗೆ ತೂರಿಸಿ, ಬೋಲ್ಟು ಬಿಗಿದು ಮತ್ತೆ ಕಡೆದಳು. ಎರಡೂ ತುದಿ ಸಮ. ಆ ಕರಪತ್ರ ಸರಿಪಡಿಸಿದ್ದು ಅದೊಂದನ್ನೇ.

ಗಾಲಿ ಕಡೆದಾಯಿತು, ಪಂಪು ನೀರೆತ್ತಿತು. ದಿಮ್ಮಿ ತೆಗೆಯಲಾ ಅಂತ ಅವನು ಕೇಳಿದಾಗ ಅವಳು ಪರೀಕ್ಷೆಯ ಸರಳಿನ ಮೇಲೆ ಉಗುರಾಡಿಸುತ್ತಿದ್ದಳು.

"ಇರ್ಲಿ ಬಿಡಿ. ಅಪ್ಪ ಇದ್ದಿದ್ರೆ ನಿಮ್ಗೆ ಬೈದು, ಆಮೇಲೆ ಇದನ್ನೇ ಮಾಡ್ತಿದ್ರು."

ಎತ್ತರವಾದ ಲೇತು ಅವಳ ಎದೆಮಟ್ಟ ಬರುತ್ತಿತ್ತು. ಮರುದಿನ ಅವಳು ನಿಲ್ಲುವ ಜಾಗದಲ್ಲಿ ನಾಲ್ಕು ಬೆರಳು ಎತ್ತರದ ಮರದ ಹಲಗೆ ಇತ್ತು. ಹತ್ತಿ, ಹಿಮ್ಮಡಿಯೊತ್ತಿ ಅಲುಗಾಡಿಸಿ ನೋಡಿದಳು. ಅಲುಗಲಿಲ್ಲ. ಗಂಡನನ್ನು ಹೊಗಳುವ ಅಭ್ಯಾಸ ಅವಳಿಗಿಲ್ಲ. ಯಂತ್ರ ಚಾಲೂ ಮಾಡಿದಳು.