ಕಿಟಕಿ ಪಕ್ಕದ ಪಾಸ್‌ವರ್ಡ್

ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಗೆರೆಯೊಂದು ಮಿಟುಕುತ್ತಿದೆ. ಲಕ್ವ ಹೊಡೆದವರು ಕೈಯನ್ನೂ ಅಕ್ಷರವನ್ನೂ ಮತ್ತೆ ಕಲಿಯಲು ಬರುವ ಈ ಆಸ್ಪತ್ರೆಯ ಹಿಂಬದಿ ಕೋಣೆಗೆ ಬೆಳಕಿನ್ನೂ ಸರಿಯಾಗಿ ಇಳಿದಿಲ್ಲ. ಎಲ್ಲರೂ ಮೌಸಣ್ಣ ಎಂದು ಕರೆಯುವ ಕಂಪ್ಯೂಟರ್ ರಿಪೇರಿಯವರು ಮೇಜಿನಡಿ ಮಂಡಿಯೂರಿದ್ದಾರೆ.

"ಏನ್ ಮೌಸಣ್ಣ, ಬೆಳ್ಳಂಬೆಳಗ್ಗೆ ಇಲಿ ಹಿಡೀತಿದ್ದೀರಾ?" ನೆಲ ಒರೆಸುವಾಕೆ ಬಾಗಿಲಲ್ಲೇ ಕೆಣಕುತ್ತಾರೆ.

"ಇಲಿ ಸಿಕ್ಕಿದೆ ಕಣಮ್ಮ. ಬಾಲ ಕಿತ್ತೋಗಿದೆ." ವೈರು ಕಿತ್ತ ಮೌಸನ್ನು ಎತ್ತಿ ತೋರಿಸುತ್ತಾರೆ.

ಇಲ್ಲಿನ ಯಂತ್ರಗಳೆಲ್ಲ ಯಾವ್ಯಾವುದೋ ಕಚೇರಿಗೆ ಬೇಡವಾದವು. ಈಗಿನ ಭಾರದ ಸಾಫ್ಟ್‌ವೇರ್ ಹೊರಿಸಿದರೆ ಏದುಸಿರು ಬಿಟ್ಟು ನಿಂತುಬಿಡುತ್ತವೆ. ಮೌಸಣ್ಣ ಅದನ್ನೆಲ್ಲ ಅಳಿಸಿ ಹಳೇ ಯಂತ್ರವನ್ನೂ ಓಡಿಸಬಲ್ಲ ಲಿನಕ್ಸ್ ಹಾಕುತ್ತಾರೆ. ಅದರ ಮೇಲೊಂದು ಹಗುರ ಡೆಸ್ಕ್‌ಟಾಪ್ ಪರದೆ, ನಡುಗುವ ಕೈಗೂ ಸಿಗುವಂಥ ಅಂಗೈಯಗಲದ ಎರಡು ಐಕಾನ್. ಒಂದು ಚಿತ್ರಕ್ಕೆ, ಒಂದು ಅಕ್ಷರಕ್ಕೆ. ಪಾಸ್‌ವರ್ಡ್ ಕೇಳುವ ಲಾಗಿನ್ ಪರದೆ ರೋಗಿಗಳಿಗೆ ಕಾಟ, ಹಾಗಾಗಿ ಯಂತ್ರಗಳು ಅದನ್ನು ತಾವೇ ದಾಟಿ ತೆರೆದುಕೊಳ್ಳುತ್ತವೆ. ಕಿಟಕಿ ಪಕ್ಕದ್ದೊಂದನ್ನು ಬಿಟ್ಟು.

ಅಲ್ಲಿ ಕೂರುವುದು ಅವರ ಹೆಂಡತಿ.

ಹೋದ ವರ್ಷ ಬಟ್ಟೆ ಮಡಚುತ್ತಿದ್ದ ಆಕೆ ಹಾಗೇ ಕುಸಿದರು. ಬಲಗೈ ಹೋಯಿತು, ಮಾತೂ ಹೋಯಿತು. ಗಂಡನನ್ನು ಈಗ ನೋಡುವುದು ಬಸ್ಸಿನಲ್ಲಿ ಪಕ್ಕದ ಸೀಟಿನವನನ್ನು ನೋಡಿದ ಹಾಗೆ. ಅಭ್ಯಾಸವಾಗಲೆಂದು ಆಕೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿದ್ದಾಯಿತು. ಎಡಗೈ ಬೇರೇನೋ ಒತ್ತುತ್ತದೆ. ಪರದೆಯಲ್ಲಿ ಬರೀ ಚುಕ್ಕೆ. ಆಕೆಯ ಬೆರಳು ಯಾವ್ಯಾವ ಕೀಲಿಗೆ ಬಿತ್ತೆಂದು ಮೌಸಣ್ಣ ನೋಡಿಟ್ಟುಕೊಳ್ಳುತ್ತಾರೆ. ಮರುದಿನ ನಸುಕಿಗೇ ಬಂದು ಆ ತಪ್ಪನ್ನೇ ಪಾಸ್‌ವರ್ಡ್ ಮಾಡಿಡುತ್ತಾರೆ. ಆಕೆ ಬಂದು ಹೊಸ ತಪ್ಪು ಮಾಡುತ್ತಾರೆ.

ಸುಧಾರಣೆ ಕಾಣದಿದ್ದರೆ ಶನಿವಾರದಿಂದ ಕಿಟಕಿ ಪಕ್ಕದ ಆ ಜಾಗ ಬೇರೆಯವರಿಗೆ. ಕಾಯುವವರ ಸಾಲು ದೊಡ್ಡದಿದೆ. "ಇದನ್ನೂ ತಾನಾಗೇ ತೆರೆಯೋ ಹಾಗೆ ಮಾಡಿ, ಒಂದು ಚಿತ್ರವಾದ್ರೂ ಬಿಡಿಸ್ಲಿ ಅಂದೆ. ಹಟಮಾರಿ ಮನುಷ್ಯ," ಎನ್ನುತ್ತಾರೆ ತರಬೇತಿಯ ಮೇಡಂ.

"ಯಂತ್ರಕ್ಕೆ ಒಂದು ಸಾಲು ಬರೆದ್ರೆ ಆಗೋಗುತ್ತೆ," ಮೌಸಣ್ಣ ಒಪ್ಪುತ್ತಾರೆ. "ಆದ್ರೆ ಆಗ ಬಾಗಿಲು ತೆಗೆದಿದ್ದು ನಾನು. ಅವಳು ಬಂದ ಹಾಗಾಗಲ್ಲ."

ಇಂದು ಶುಕ್ರವಾರ. ಗಾಲಿಕುರ್ಚಿ ಬರುತ್ತದೆ.

"ಬಾರೇ. ನಿನ್ನ ಆಫೀಸು ಆಗ್ಲೇ ರೆಡಿ ಇದೆ."

ನಿನ್ನೆ ಆಕೆ ಒತ್ತಿದ್ದು ಒಂದೇ ಕೀಲಿ, ನಾಲ್ಕು ಸಲ. ಇಂದಿನ ಪಾಸ್‌ವರ್ಡ್ ಅದೇ. ಇಂದೂ ಬೆರಳು ಅದರ ಮೇಲೇ ಇಳಿಯುತ್ತದೆ. ಒಂದು ಚುಕ್ಕೆ. ಎರಡು. ಮೌಸಣ್ಣ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ. ಮೂರು. ಬೆರಳು ಮೇಲೆದ್ದು ಕೊಂಚ ತೂಗಾಡಿ ಪಕ್ಕದ ಕೀಲಿಗೆ ಬೀಳುತ್ತದೆ.

ಚುಕ್ಕೆಗಳು ಅಳಿಸಿಹೋಗುತ್ತವೆ. ಪರದೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಆಕೆ ಕಿಟಕಿಯತ್ತ ತಿರುಗುತ್ತಾರೆ.

ನಾಳೆ ಈ ಜಾಗ ಆಕೆಯದಲ್ಲ ಎಂದು ಮೌಸಣ್ಣನಿಗೆ ಗೊತ್ತು. ಆದರೂ ಕಿಸೆಯಿಂದ ಪೆನ್ನು ತೆಗೆದು ಆ ನಾಲ್ಕು ಅಕ್ಷರಗಳನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಾರೆ.

"ಸರಿಯಾದ್ದೇ ಬರೀಬೇಕು ಅಂತ ನಾನು ನಿನ್ನನ್ನ ಯಾವತ್ತೂ ಕೇಳಿಲ್ಲ," ಎನ್ನುತ್ತಾರೆ. "ಒಂದೇ ತಪ್ಪನ್ನ ಎರಡು ದಿನ ಮಾಡಿದ್ರೆ ಸಾಕಿತ್ತು."