ಕಾಕಾರ ಎದೆಮಟ್ಟ

ಮೇ ೯, ಸಂಜೆ ಐದೂವರೆಗೆ ಬರೆಯಲು ಕುಳಿತಿದ್ದೇನೆ. ಇವತ್ತು ಅಳೆದ ಗಿಡ ಅರವತ್ತೆರಡು. ಒಣಗಿದ್ದು ಏಳು, ಕೊಡಲಿ ಬಿದ್ದದ್ದು ನಾಲ್ಕು. ಕೈ ಸೋತಿದೆ.

ಕಾವಲುಗಾರ ಕಾಕಾರ ಬೆನ್ನು ಕುಡುಗೋಲಿನಂತೆ ಬಾಗಿತ್ತು. ನನ್ನೊಡನೆ ಮಾತಾಡಲು ಕತ್ತನ್ನು ಓರೆಯಾಗಿ ಎತ್ತಬೇಕಿತ್ತು. ಉಮದಿ ಊರಿನಾಚೆಯ ಕುರುಚಲು ಕಾಡನ್ನು ಅವರು ಹತ್ತೊಂಬತ್ತು ವರ್ಷ ಕಾದರು. ಕುರಿ ಕಾಯುವ ಮನೆತನ. ಆದರೂ ಸ್ವಂತ ತಮ್ಮನ ಹಿಂಡನ್ನೇ ಒಳಗೆ ಬಿಡಲಿಲ್ಲ.

"ಒಡಹುಟ್ಟಿದಾಂವಗ ಬೇಲಿ ಹಚ್ಚಿದಿ," ಎಂದು ತಮ್ಮ ಹಂಗಿಸಿದರೆ, "ನಿನಗಲ್ಲೋ, ನಿನ್ನ ಕುರಿಗಿ," ಅನ್ನುತ್ತಿದ್ದರು.

ಗಿಡಗಳು ಗಾಳಿಯಿಂದ ಎಳೆದು ಒಳಗೆ ಕೂಡಿಟ್ಟ ಇಂಗಾಲ ಎಷ್ಟೆಂದು ತಿಳಿಯಲು ಕಾಂಡದ ಸುತ್ತಳತೆ ಬೇಕು. ಅದನ್ನು ಅವರು ವರ್ಷವರ್ಷವೂ ಅಳೆದು ವಹಿಯಲ್ಲಿ ಬರೆದಿದ್ದರು. ಹೋದ ವರ್ಷ ಆ ಕೆಲಸಕ್ಕೆ ನಾನು ಸೇರಿದೆ. ಮೊದಲ ಬೇವಿನ ಮರದಲ್ಲೇ ನನ್ನ ಅಳತೆ ವಹಿಯಲ್ಲಿದ್ದ ಅವರ ಹಿಂದಿನ ವರ್ಷದ ಅಳತೆಗಿಂತ ಕಡಿಮೆ ಬಂತು.

"ಗಿಡ ಸಣ್ಣ ಆಗೂದು ಎಲ್ಲೆರ ಕೇಳೀಯೇನ ತಂಗಿ? ಬಿಸಲಿಗೆ ನಿನ್ನ ಟೇಪ ಜಗ್ಗೇತಿ."

"ನೀವು ಹೆಂಗ ಅಳೀತೀರಿ ಕಾಕಾ, ತೋರಸ್ರಿ."

ಎದೆಮಟ್ಟದಲ್ಲಿ ಅಳೆಯಬೇಕೆಂದು ಮೊದಲಿದ್ದ ಅರಣ್ಯ ಸಾಹೇಬರು ಹೇಳಿದ್ದರಂತೆ. ಕಾಕಾ ಟೇಪನ್ನು ತಮ್ಮ ಎದೆಗೆ ಸಮನಾಗಿ ಹಿಡಿದರು. ಅದು ನನ್ನ ಸೊಂಟದ ಹತ್ತಿರವಿತ್ತು. ಬೆನ್ನು ಬಾಗಿದಂತೆಲ್ಲ ಟೇಪು ಕೆಳಗಿಳಿದಿತ್ತು. ಕೆಳಗೆ ಕಾಂಡ ಯಾವಾಗಲೂ ದಪ್ಪ.

ಎದೆಮಟ್ಟವೆಂದರೆ ಯಾರು ಅಳೆದರೂ ನೆಲದಿಂದ ನಾಲ್ಕೂವರೆ ಅಡಿ ಎಂದು, ಅಷ್ಟೇ ಉದ್ದದ ಕೋಲು ನಿಲ್ಲಿಸಿ ತೋರಿಸಿದೆ. ಅವರು ತಲೆಯ ಪಟಕ ಬಿಚ್ಚಿ ನೆಲಕ್ಕೆ ಕುಳಿತರು.

"ಹಂಗಾರ ಗಿಡ ಬೆಳದಿಲ್ಲ. ನಾ ಬಾಗೀನಿ."

"ಸ್ವಲ್ಪರ ಬೆಳದಾವ್ರಿ. ಹಳೀ ಅಂಕಿ ಹಂಗ ಬಿಟ್ಟರ ಯಾರಿಗೂ ಗೊತ್ತಾಗೂದಿಲ್ಲ."

"ಖರೇ ಬರಿ. ಸುಳ್ಳ ಇದ್ದರ, ಬರ ಎಷ್ಟ ತಿಂತು, ಬೆಂಕಿ ಎಷ್ಟ, ಕೊಡಲಿ ಎಷ್ಟ ಅಂತ ಮುಂದಿನವರಿಗೆ ಹೆಂಗ ತಿಳೀಬೇಕು?"

ಮರುದಿನ ಸುಣ್ಣದ ಡಬ್ಬಿ ತಂದರು. ಕೋಲಿನ ಮಟ್ಟಕ್ಕೆ ಕೈ ನಿಲುಕದೆ ಕಲ್ಲಿನ ಮೇಲೆ ಹತ್ತಿ, ಒಂದೊಂದು ಗಿಡಕ್ಕೂ ಗೆರೆ ಎಳೆದರು. ಹನ್ನೊಂದು ದಿನ, ಮುನ್ನೂರ ಎಂಟು ಗಿಡ. ಶ್ರಾವಣದಲ್ಲಿ ತೀರಿಕೊಂಡರು.

ಈಗ ಆ ಗೆರೆಗಳ ಮೇಲೆಯೇ ಟೇಪು ಸುತ್ತುತ್ತೇನೆ. ಇಲ್ಲಿಂದ ಮುಂದಿನ ಲೆಕ್ಕ ಸರಿಯಿರುತ್ತದೆ. ಹಿಂದಿನ ಹತ್ತೊಂಬತ್ತು ವರ್ಷಗಳದ್ದು ಇನ್ನೂ ಉಳಿದಿದೆ. ಅದನ್ನು ತಿದ್ದಲು ಟೇಪು ಎಷ್ಟು ಎತ್ತರದಿಂದ ಇಳಿಯುತ್ತ ಬಂತೆಂದು ತಿಳಿಯಬೇಕು; ಅದಕ್ಕೆ ಅವರು ನೆಟ್ಟಗೆ ನಿಲ್ಲುತ್ತಿದ್ದ ಕಾಲದ ಎದೆಮಟ್ಟ ಬೇಕು. ಇದನ್ನು ಓದುವವರಲ್ಲಿ ಆಗಿನ ಫೋಟೋ ಇದ್ದವರು, ಅವರ ಪಕ್ಕ ನಿಂತ ನೆನಪಿದ್ದವರು, ಕಾಕಾರ ಎದೆ ನೆಲದಿಂದ ಎಷ್ಟು ಎತ್ತರದಲ್ಲಿತ್ತೆಂದು ನನಗೆ ಬರೆದು ತಿಳಿಸಿ.